ಸರ್ಟಿಫಿಕೇಟ್ ಇದೆ, ತಾಲೀಮು ಇಲ್ಲ: ಹಲವು ದೇಶಗಳ ಸೈನಿಕರ ಆನ್‌ಲೈನ್ ತರಬೇತಿ

2016ರ ಜುಲೈ. ದಕ್ಷಿಣ ಸುಡಾನಿನ ರಾಜಧಾನಿ ಜೂಬಾದಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಅವರ ಸೈನ್ಯಕ್ಕೂ ಉಪಾಧ್ಯಕ್ಷ ರೀಕ್ ಮಚಾರ್ ಅವರ ಪಡೆಗೂ ಕಾದಾಟ ಹತ್ತಿಕೊಂಡಿತು. ವಿಶ್ವಸಂಸ್ಥೆಯ ದೊಡ್ಡ ನೆಲೆಯೊಂದು ಅಲ್ಲೇ ಇತ್ತು, ಯುಎನ್ ಹೌಸ್ ಅಂತ ಹೆಸರು. ಅದಕ್ಕೆ ಅಂಟಿಕೊಂಡಂತೆ ಸಾವಿರಾರು ನಿರಾಶ್ರಿತರ ಶಿಬಿರ. ಕಾವಲಿಗೆ 1,800ಕ್ಕೂ ಹೆಚ್ಚು ಸೈನಿಕರಿದ್ದರು. ಅವರು ಚೀನಾ, ಇಥಿಯೋಪಿಯಾ, ನೇಪಾಳ ಮತ್ತು ಭಾರತದವರು. ಜುಲೈ 11ರಂದು ಸುಮಾರು ಒಂದು ಕಿಲೋಮೀಟರ್ ದೂರದ ಟೆರೇನ್ ಎಂಬ ವಸತಿ ಕಾಂಪೌಂಡಿಗೆ ಸರ್ಕಾರಿ ಸೈನಿಕರು ನುಗ್ಗಿದರು. ಒಬ್ಬ ಪತ್ರಕರ್ತರನ್ನು ಕೊಂದರು, ಪರಿಹಾರ ಕೆಲಸಕ್ಕೆ ಬಂದಿದ್ದ ಮಹಿಳೆಯರ ಮೇಲೆ ಅತ್ಯಾಚಾರ ನಡೆಸಿದರು. ಒಳಗಿದ್ದವರು ಫೋನಿನಲ್ಲಿ ಅಂಗಲಾಚಿದರೂ ವಿಶ್ವಸಂಸ್ಥೆಯ ಒಂದು ತುಕಡಿಯೂ ಗೇಟು ದಾಟಿ ಹೋಗಲಿಲ್ಲ. ಕೇಳಿದ ಪ್ರತಿ ತುಕಡಿಯೂ "ನಮ್ಮವರೆಲ್ಲ ಬೇರೆ ಕೆಲಸದಲ್ಲಿದ್ದಾರೆ" ಎಂಬರ್ಥದ ಉತ್ತರ ಕೊಟ್ಟಿತು.

ಇದರ ತನಿಖೆಯನ್ನು ನಿವೃತ್ತ ಡಚ್ ಮೇಜರ್ ಜನರಲ್ ಪ್ಯಾಟ್ರಿಕ್ ಕ್ಯಾಮರ್ಟ್ ಅವರಿಗೆ ವಹಿಸಲಾಯಿತು. ಅದೇ ನವೆಂಬರ್‌ನಲ್ಲಿ ಹೊರಬಂದ ವರದಿಯ ಸಾರಾಂಶ ತೀರಾ ಖಾರವಾಗಿತ್ತು. ನಾಲ್ಕೂ ದೇಶಗಳ ತುಕಡಿಗಳು ಒಂದೇ ಕಮಾಂಡಿನ ಕೆಳಗೆ ಕೆಲಸ ಮಾಡಲೇ ಇಲ್ಲ. ಹಲವು ಕಡೆಯಿಂದ ಆದೇಶ ಬಂತು, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವಾದ ಆದೇಶ. ಇದ್ದ ಬಲವನ್ನು ಬಳಸಿಕೊಳ್ಳಲೇ ಇಲ್ಲ. ಪಡೆಯ ಕಮಾಂಡರ್ ಆಗಿದ್ದ ಕೀನ್ಯಾದ ಅಧಿಕಾರಿಯನ್ನು ತೆಗೆದುಹಾಕಿದರು. ಸಿಟ್ಟಾದ ಕೀನ್ಯಾ ತನ್ನ ಸೈನಿಕರನ್ನು ವಾಪಸ್ ಕರೆಸಿಕೊಂಡಿತು.

ಈ ಘಟನೆ ಓದುವಾಗ ಒಂದು ವಿಷಯ ಕಾಡುತ್ತದೆ. ಈ ನಾಲ್ಕೂ ಸೈನ್ಯಗಳಲ್ಲಿ ಯಾವುದೂ ಅನನುಭವಿ ಅಲ್ಲ. ಭಾರತ, ನೇಪಾಳದವರಂತೂ ಶಾಂತಿಪಾಲನೆಯಲ್ಲಿ ದಶಕಗಳಿಂದ ಇರುವವರು. ಒಬ್ಬೊಬ್ಬರಿಗೂ ತರಬೇತಿ ಆಗಿತ್ತು. ಒಬ್ಬರ ಜೊತೆ ಇನ್ನೊಬ್ಬರಿಗೆ ಆಗಿರಲಿಲ್ಲ. ಬಹುರಾಷ್ಟ್ರೀಯ ಪಡೆಗಳಿಗೆ ಆನ್‌ಲೈನಿನಲ್ಲಿ ತರಬೇತಿ ಕೊಡುವ ಬಗ್ಗೆ ಈಗ ಜೋರಾಗಿ ಮಾತು ನಡೆಯುತ್ತಿದೆ. ಹಣವೂ ಹರಿಯುತ್ತಿದೆ. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಕಂಪ್ಯೂಟರ್ ಮುಂದೆ ಒಬ್ಬರೇ ಕೂತು ಕೋರ್ಸ್ ಮುಗಿಸುವುದು ಒಂದು. ಬೇರೆ ಬೇರೆ ದೇಶದವರು ನೆಟ್‌ವರ್ಕಿನಲ್ಲಿ ಸೇರಿ, ಒಂದೇ ಬಿಕ್ಕಟ್ಟನ್ನು ಒಟ್ಟಿಗೆ ಎದುರಿಸಿ, ಒಟ್ಟಿಗೆ ಎಡವುವುದು ಇನ್ನೊಂದು. ಜೂಬಾದಲ್ಲಿ ಕೆಟ್ಟದ್ದು ಎರಡನೆಯದರಿಂದ ಮಾತ್ರ ಸರಿಹೋಗುವಂಥದ್ದು.

ಮೊದಲನೆಯದಕ್ಕೆ ಈಗಿನ ರೂಪ ಬಂದದ್ದರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಪಾಲು ದೊಡ್ಡದು. 1997ರಲ್ಲಿ ಅದು ದೂರಕಲಿಕೆಗೆ ಒಂದು ಯೋಜನೆ ಶುರು ಮಾಡಿತು. 2000ದಲ್ಲಿ ಅದರಿಂದ ಸ್ಕಾರ್ಮ್ ಎಂಬ ಮಾನದಂಡ ಹೊರಬಂತು. ಒಂದು ಕಡೆ ಮಾಡಿದ ಕೋರ್ಸ್ ಯಾವ ತಂತ್ರಾಂಶದಲ್ಲಾದರೂ ಓಡಬೇಕು, ಯಾರು ಎಷ್ಟು ಓದಿದರು, ಎಷ್ಟು ಅಂಕ ತೆಗೆದರು ಅನ್ನುವ ಲೆಕ್ಕ ಸಿಗಬೇಕು, ಅಷ್ಟೇ ಉದ್ದೇಶ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದರ ರುಚಿ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಬರುವ ಕಡ್ಡಾಯ ಕೋರ್ಸು, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುವುದು, ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟು. ಅಂಥ ಕೋರ್ಸುಗಳ ಹಿಂದೆ ಬಹಳ ಕಡೆ ಇರುವುದು ಇದೇ ಸ್ಕಾರ್ಮ್. ಸೈನ್ಯದ ಸರಕು ಕಾರ್ಪೊರೇಟಿಗೆ ಬಂದ ದಾರಿ ಇದು.

ಇಂಥ ಕೋರ್ಸು ದಂಡ ಅಂತ ನಾನು ಹೇಳುವುದಿಲ್ಲ. ನೆಲಬಾಂಬು ಹೇಗಿರುತ್ತದೆ, ವಿಶ್ವಸಂಸ್ಥೆಯ ಸೈನಿಕ ಯಾವಾಗ ಗುಂಡು ಹಾರಿಸಬಹುದು, ನಾಗರಿಕರನ್ನು ಕಾಪಾಡುವುದೆಂದರೆ ಏನೇನು, ಇದನ್ನೆಲ್ಲ ಹೀಗೆ ಕಲಿಸಬಹುದು. ಅಗ್ಗ, ಎಲ್ಲರಿಗೂ ತಲುಪುತ್ತದೆ. ಉಗಾಂಡಾದ ಕ್ಯಾಪ್ಟನ್ನಿಗೂ ಉರುಗ್ವೆಯ ಕ್ಯಾಪ್ಟನ್ನಿಗೂ ಒಂದೇ ಪಾಠ. ಆದರೆ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಜಗಳ ಆಡುವುದಿಲ್ಲ. "ನೀನು ಹೇಳಿದ್ದು ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳು" ಅಂತ ಕೇಳುವ ಸಂದರ್ಭವೇ ಬರುವುದಿಲ್ಲ.

ಎರಡನೆಯದು ಹೇಗಿರುತ್ತದೆ ಅಂತ ನೋಡಲು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ಹೋಗಬೇಕು.

2007ರ ಏಪ್ರಿಲ್‌ನಲ್ಲಿ ಎಸ್ಟೋನಿಯಾ ಸರ್ಕಾರ ಸೋವಿಯತ್ ಕಾಲದ ಸೈನಿಕನ ಕಂಚಿನ ಪ್ರತಿಮೆಯೊಂದನ್ನು ನಗರದ ಮಧ್ಯದಿಂದ ಬೇರೆಡೆಗೆ ಸಾಗಿಸಿತು. ಗಲಭೆ ಆಯಿತು. ಬೆನ್ನಲ್ಲೇ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ವೆಬ್‌ಸೈಟುಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ ನಡೆಯಿತು. ಮರುವರ್ಷವೇ ಟ್ಯಾಲಿನ್‌ನಲ್ಲಿ ನ್ಯಾಟೋ ಮಾನ್ಯತೆಯ ಸೈಬರ್ ರಕ್ಷಣಾ ಕೇಂದ್ರ ತೆರೆಯಿತು. ಆ ಕೇಂದ್ರ 2010ರಿಂದ ಲಾಕ್ಡ್ ಶೀಲ್ಡ್ಸ್ ಎಂಬ ಸಮರಾಭ್ಯಾಸ ನಡೆಸುತ್ತಿದೆ. ಕೋವಿಡ್‌ನಿಂದಾಗಿ 2020ರಲ್ಲಿ ನಡೆಯಲಿಲ್ಲ. 2022ರಲ್ಲಿ 32 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. 2024ರ ಹೊತ್ತಿಗೆ ಅದು ಸುಮಾರು ನಾಲ್ಕು ಸಾವಿರಕ್ಕೆ ಏರಿತ್ತು. ಬಹುಪಾಲು ಜನ ಟ್ಯಾಲಿನ್‌ಗೆ ಹೋಗುವುದೇ ಇಲ್ಲ. ತಮ್ಮ ತಮ್ಮ ಊರಿನಿಂದಲೇ ಸುರಕ್ಷಿತ ಸಂಪರ್ಕದಲ್ಲಿ ಒಳಗೆ ಬರುತ್ತಾರೆ.

ಆಟದ ಕಥೆ ಹೀಗೆ. ಬೆರಿಲಿಯಾ ಅಂತ ಒಂದು ಕಾಲ್ಪನಿಕ ದ್ವೀಪ ರಾಷ್ಟ್ರ. ಕ್ರಿಮ್ಸೋನಿಯಾ ಅಂತ ಅದಕ್ಕೊಂದು ಶತ್ರು. ಬೆರಿಲಿಯಾದ ವಿದ್ಯುತ್ ಜಾಲ, ನೀರು ಶುದ್ಧೀಕರಣ ಘಟಕ, ಮೊಬೈಲ್ ನೆಟ್‌ವರ್ಕ್, ಸೈನ್ಯದ ಸಂಪರ್ಕ ವ್ಯವಸ್ಥೆ ಎಲ್ಲದರ ಮೇಲೂ ದಾಳಿ. 2022ರಲ್ಲಿ ದೇಶದ ಹಣಕಾಸು ವ್ಯವಸ್ಥೆಯನ್ನೂ ಸೇರಿಸಿದರು. ನೀಲಿ ತಂಡಗಳು ನೆರವಿಗೆ ಬಂದ ತುರ್ತು ಪಡೆಗಳು, ಕಾಪಾಡುವುದು ಅವರ ಕೆಲಸ. ಕೆಂಪು ತಂಡ ದಾಳಿಕೋರರದ್ದು. ಹಸಿರು ತಂಡ ವ್ಯವಸ್ಥೆ ನಡೆಸುತ್ತದೆ, ಬಿಳಿ ತಂಡ ಆಟ ಆಡಿಸುತ್ತದೆ. ಆ ವರ್ಷ ಸುಮಾರು 5,500 ಕಂಪ್ಯೂಟರ್ ವ್ಯವಸ್ಥೆಗಳನ್ನು ಕಟ್ಟಿ, ಅವುಗಳ ಮೇಲೆ 8,000ಕ್ಕೂ ಹೆಚ್ಚು ದಾಳಿ ಮಾಡಿದ್ದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಅಂಕ ಕೊಡುವ ರೀತಿ. ಸರ್ವರ್ ಉಳಿಸಿಕೊಂಡರೆ ಮಾತ್ರ ಸಾಲದು. ಮಧ್ಯೆ ಮಧ್ಯೆ ಪತ್ರಕರ್ತರ ಪಾತ್ರದವರು ಪ್ರಶ್ನೆ ಕಳಿಸುತ್ತಾರೆ: ನಿಮ್ಮ ನೀರಿನಲ್ಲಿ ವಿಷ ಬೆರೆತಿದೆಯಂತೆ, ನಿಜವಾ? ಅದಕ್ಕೆ ತಕ್ಷಣ, ಜನ ಗಾಬರಿಯಾಗದ ಹಾಗೆ, ಸುಳ್ಳೂ ಹೇಳದೆ ಉತ್ತರ ಕೊಡಬೇಕು. ಕಾನೂನಿನ ಪ್ರಶ್ನೆ ಬರುತ್ತದೆ: ಈ ದಾಳಿಯನ್ನು ಯುದ್ಧ ಅಂತ ಕರೆಯಬಹುದೇ, ತಿರುಗಿ ಹೊಡೆಯುವ ಹಕ್ಕು ಇದೆಯೇ? ತಂಡದಲ್ಲಿ ವಕೀಲರೂ ಇರಬೇಕು. ಮೇಲಿನವರಿಗೆ ಸರಿಯಾದ ಹೊತ್ತಿಗೆ ವರದಿ ಹೋಗಬೇಕು. ವರದಿ ತಡವಾದರೆ ಅಂಕ ಹೋಯಿತು. ಒಳ್ಳೆಯ ಹ್ಯಾಕರ್ ಇದ್ದೂ ಮಾತು ಕೂಡದ ತಂಡ ಇಲ್ಲಿ ಸೋಲುತ್ತದೆ.

ಇತ್ತೀಚಿನ ಫಲಿತಾಂಶಗಳನ್ನು ನೋಡಿ. 2022ರಲ್ಲಿ ಫಿನ್ಲೆಂಡ್ ಒಂದೇ ಗೆದ್ದಿತು. 2023ರಲ್ಲಿ ಸ್ವೀಡನ್ ಮತ್ತು ಐಸ್‌ಲ್ಯಾಂಡ್ ಜಂಟಿ ತಂಡ. 2024ರಲ್ಲಿ ಲಾಟ್ವಿಯಾ ಮತ್ತು ನ್ಯಾಟೋ ಜಂಟಿ ತಂಡ. 2025ರಲ್ಲಿ ಜರ್ಮನಿ ಮತ್ತು ಸಿಂಗಾಪುರ. ಜಂಟಿ ತಂಡಗಳೇ ಬಲಶಾಲಿ ಅಂತ ಇದರಿಂದ ತೀರ್ಮಾನಿಸಿದರೆ ಅವಸರ ಆಗುತ್ತದೆ. ಯಾಕೆಂದರೆ ಈಗ ಕಣದಲ್ಲಿರುವವು ಬಹುತೇಕ ಅಂಥವೇ. ಆದರೆ ಆ ಬದಲಾವಣೆಯೇ ಕುತೂಹಲದ್ದು. ಮೊದಮೊದಲು ಇದು ದೇಶ ದೇಶಗಳ ಪಂದ್ಯದ ಹಾಗಿತ್ತು. ಈಗ ಪಂದ್ಯಕ್ಕೆ ಮುಂಚೆ ಪರಕೀಯರ ಜೊತೆ ತಂಡ ಕಟ್ಟುವುದೇ ಮೊದಲ ಪರೀಕ್ಷೆ. ಸಿಂಗಾಪುರ ನ್ಯಾಟೋ ಸದಸ್ಯ ಅಲ್ಲ. ಜರ್ಮನಿಗೂ ಅದಕ್ಕೂ ಬೇಸಿಗೆಯಲ್ಲಿ ಗಡಿಯಾರದಲ್ಲೇ ಆರು ಗಂಟೆ ವ್ಯತ್ಯಾಸ. ಅಂಥ ಜೋಡಿ ಗೆದ್ದಿದೆ ಅಂದರೆ ಹಿಂದೆ ತಿಂಗಳುಗಟ್ಟಲೆ ತಯಾರಿ ಇದ್ದಿರಲೇಬೇಕು ಅಂತ ನನ್ನ ಊಹೆ.

ಕಾಲ್ಪನಿಕ ದೇಶ ಯಾಕೆ ಬೇಕು? ಮಕ್ಕಳಾಟದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಇದರಲ್ಲಿ ಜಾಣತನ ಇದೆ. ಯಾವ ದೇಶವೂ ತನ್ನ ನಿಜವಾದ ವಿದ್ಯುತ್ ಜಾಲದ ನಕ್ಷೆಯನ್ನು ನೆರೆಯವನಿಗೆ ತೋರಿಸುವುದಿಲ್ಲ, ಸ್ನೇಹಿತನಿಗೂ ತೋರಿಸುವುದಿಲ್ಲ. ಬೆರಿಲಿಯಾದ ನಕ್ಷೆ ಯಾರ ಗುಟ್ಟೂ ಅಲ್ಲ. ನಾರ್ವೆಯ ಸ್ಟಾವಂಗರ್‌ನಲ್ಲಿರುವ ನ್ಯಾಟೋದ ಜಂಟಿ ಸಮರ ಕೇಂದ್ರವೂ ದೊಡ್ಡ ಅಧಿಕಾರಿಗಳ ಕಂಪ್ಯೂಟರ್ ಸಮರಾಭ್ಯಾಸಗಳಿಗೆ ಇದೇ ದಾರಿ ಹಿಡಿದಿದೆ. ಇಡೀ ಪ್ರದೇಶದ ರಾಜಕೀಯ, ಜನಾಂಗ, ಪತ್ರಿಕೆ, ಹಳೆಯ ದ್ವೇಷ ಎಲ್ಲವನ್ನೂ ಹೊಸದಾಗಿ ಬರೆದಿಡುತ್ತಾರೆ.

ಗುಟ್ಟಿನ ವಿಷಯ ಬಂತು. ಇದು ಬಹುರಾಷ್ಟ್ರೀಯ ತರಬೇತಿಯ ಅತಿ ದೊಡ್ಡ ತಲೆನೋವು. ಅಫ್ಘಾನಿಸ್ತಾನದಲ್ಲಿ ಒಂದು ಹಂತದಲ್ಲಿ ಸುಮಾರು 50 ದೇಶಗಳ ಸೈನಿಕರು ಒಂದೇ ಪಡೆಯಲ್ಲಿದ್ದರು. ಆದರೆ ದೊಡ್ಡ ದೇಶಗಳಿಗೆಲ್ಲ ಅವರವರದೇ ಗುಪ್ತ ನೆಟ್‌ವರ್ಕ್. ಒಂದೇ ಮೇಜಿನ ಮೇಲೆ ಎರಡು ಮೂರು ಕಂಪ್ಯೂಟರ್ ಇಟ್ಟುಕೊಂಡು, ಒಂದರಲ್ಲಿ ಬಂದದ್ದನ್ನು ಓದಿ ಇನ್ನೊಂದರಲ್ಲಿ ಟೈಪ್ ಮಾಡುವ ಸ್ಥಿತಿ. ಪಕ್ಕದ ಕಣಿವೆಯಲ್ಲಿ ಮಿತ್ರದೇಶದ ತುಕಡಿ ಎಲ್ಲಿದೆ ಅನ್ನುವುದೂ ತಡವಾಗಿ ತಿಳಿಯುತ್ತಿತ್ತು. 2010ರಲ್ಲಿ ಎಲ್ಲ ದೇಶಗಳೂ ಹಂಚಿಕೊಳ್ಳುವ ಒಂದು ನೆಟ್‌ವರ್ಕ್ ಬಂತು. ಯುದ್ಧ ಶುರುವಾಗಿ ಒಂಬತ್ತು ವರ್ಷ ಆದ ಮೇಲೆ! ಅದರ ಪಾಠದಿಂದಲೇ ನ್ಯಾಟೋ ಈಗ ಮುಂದಿನ ಕಾರ್ಯಾಚರಣೆಗಳಿಗೆ ಮೊದಲೇ ನಿಯಮ ಬರೆದಿಟ್ಟುಕೊಳ್ಳುತ್ತಿದೆ. ಪೋಲೆಂಡಿನ ಬಿಡ್ಗೋಶ್ ನಗರದಲ್ಲಿ ವರ್ಷಕ್ಕೊಮ್ಮೆ ಎಲ್ಲ ದೇಶಗಳ ತಂತ್ರಜ್ಞರು ಸೇರಿ ಒಬ್ಬರ ಯಂತ್ರ ಇನ್ನೊಬ್ಬರ ಯಂತ್ರದ ಜೊತೆ ಮಾತಾಡುತ್ತದೆಯೇ ಅಂತ ಪರೀಕ್ಷಿಸುತ್ತಾರೆ. ಬೇಜಾರಿನ ಕೆಲಸ, ಸುದ್ದಿಯಾಗುವುದಿಲ್ಲ. ಆದರೆ ಇದಿಲ್ಲದೆ ಉಳಿದದ್ದೆಲ್ಲ ಸುಮ್ನೆ.

ದೂರದೂರದವರನ್ನು ಜೋಡಿಸಿ ತಾಲೀಮು ಮಾಡಿಸುವುದು ತಾಂತ್ರಿಕವಾಗಿ ಹೊಸದೇನಲ್ಲ. 1980ರ ದಶಕದಲ್ಲೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸಿಮ್‌ನೆಟ್ ಎಂಬ ಯೋಜನೆಯಲ್ಲಿ ಬೇರೆ ಬೇರೆ ಊರುಗಳ ಟ್ಯಾಂಕ್ ಸಿಮ್ಯುಲೇಟರ್‌ಗಳನ್ನು ತಂತಿಯಲ್ಲಿ ಜೋಡಿಸಿತ್ತು. ಆಗ ಎದುರಾದ ತೊಡಕು ಇವತ್ತಿಗೂ ಇದೆ: ಸಂದೇಶ ತಲುಪಲು ಹೊತ್ತು ಹಿಡಿಯುತ್ತದೆ. ನನ್ನ ಟ್ಯಾಂಕ್ ತಿರುಗಿದ್ದು ನಿಮ್ಮ ಪರದೆಯಲ್ಲಿ ತಡವಾಗಿ ಕಂಡರೆ, ನೀವು ಹೊಡೆದ ಗುಂಡು ನನಗೆ ತಾಗಿತೋ ಇಲ್ಲವೋ? ಅದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾಗಿದೆ. ಪ್ರತಿ ಕಂಪ್ಯೂಟರೂ ಉಳಿದವರ ಟ್ಯಾಂಕ್ ಇದೇ ವೇಗದಲ್ಲಿ ಇದೇ ದಿಕ್ಕಿಗೆ ಹೋಗುತ್ತಿರುತ್ತದೆ ಅಂತ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ಲೆಕ್ಕ ತಪ್ಪುವಷ್ಟು ತಿರುವು ಬಂದಾಗ ಮಾತ್ರ ಹೊಸ ಸಂದೇಶ ಹೋಗುತ್ತದೆ. ಈಗ ಆನ್‌ಲೈನ್ ಆಟ ಆಡುವ ಹುಡುಗರೆಲ್ಲ ಗೊತ್ತಿಲ್ಲದೆಯೇ ಇಂಥದ್ದನ್ನೇ ಬಳಸುತ್ತಿದ್ದಾರೆ.

ವಿಮಾನ, ಟ್ಯಾಂಕುಗಳ ತಾಲೀಮಿಗೆ ಈ ಕ್ಷಣಮಾತ್ರದ ತಡವೂ ದೊಡ್ಡದು. ಆದರೆ ಜೂಬಾದಂಥ ಸಂದರ್ಭಕ್ಕೆ ಬೇಕಾದ್ದು ಟ್ಯಾಂಕ್ ಓಡಿಸುವ ತಾಲೀಮಲ್ಲ. ನಕ್ಷೆ ಮುಂದಿಟ್ಟುಕೊಂಡು ಮಾತಾಡುವ ತಾಲೀಮು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಮೂಲಕ ಮಾತು ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡ್ ಬೇಕು. ಕಿರಿಕಿರಿ ಹೌದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ಕೆಲಸ ನಿಲ್ಲುವಂಥದ್ದಲ್ಲ. ಅಂದರೆ ಶಾಂತಿಪಾಲನಾ ಪಡೆಗಳಿಗೆ ಅಗ್ಗದ ತಂತ್ರಜ್ಞಾನವೇ ಸಾಕು. ಆದರೂ ಅದು ಬೇಕಾದಷ್ಟು ಆಗುತ್ತಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಮನುಷ್ಯರಲ್ಲಿ. ಕೆಲವು ಸೈನ್ಯಗಳಲ್ಲಿ ಕರ್ನಲ್ ಮಾತಾಡುವವರೆಗೆ ಕ್ಯಾಪ್ಟನ್ ಬಾಯಿ ಬಿಡುವಂತಿಲ್ಲ. ಇನ್ನು ಕೆಲವು ಕಡೆ ಸಾರ್ಜೆಂಟ್ ಕೂಡ "ಸರ್, ಈ ಯೋಜನೆ ನಡೆಯಲ್ಲ" ಅಂತ ಮುಖಕ್ಕೇ ಹೇಳುತ್ತಾನೆ. ಒಬ್ಬರು ಆದೇಶವನ್ನು ಉದ್ದೇಶ ಮಾತ್ರ ತಿಳಿಸಿ ಬಿಡುತ್ತಾರೆ, ದಾರಿ ಕೆಳಗಿನವರ ಪಾಲಿಗೆ. ಇನ್ನೊಬ್ಬರಿಗೆ ಹೆಜ್ಜೆ ಹೆಜ್ಜೆಯೂ ಬರೆದು ಕೊಡಬೇಕು. ಇವರಿಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಒಬ್ಬರಿಗೆ ಇನ್ನೊಬ್ಬರು ಉದ್ಧಟ, ಇನ್ನೊಬ್ಬರಿಗೆ ಮೊದಲನೆಯವರು ಅಸಮರ್ಥ. ಯಾರ ತಪ್ಪೂ ಅಲ್ಲ.

ಇದನ್ನು ಅಳೆಯಲು ನ್ಯಾಟೋದ ಸಂಶೋಧಕರು ಒಂದು ವಿಚಿತ್ರ ಕೆಲಸ ಮಾಡಿದ್ದರು. ನೆವರ್‌ವಿಂಟರ್ ನೈಟ್ಸ್ ಎಂಬ ಮಾರುಕಟ್ಟೆಯ ವಿಡಿಯೋ ಗೇಮ್ ತೆಗೆದುಕೊಂಡು, ಅದನ್ನು ತಿದ್ದಿ, ನಾಲ್ಕು ನಾಲ್ಕು ಅಧಿಕಾರಿಗಳ ತಂಡಗಳಿಗೆ ಕೊಟ್ಟರು. ಆ ಅಧಿಕಾರಿಗಳು ಬಲ್ಗೇರಿಯಾ, ನೆದರ್‌ಲ್ಯಾಂಡ್ಸ್, ನಾರ್ವೆ, ಸ್ವೀಡನ್, ಅಮೆರಿಕದವರು. ಊರೊಂದರಲ್ಲಿ ಬಚ್ಚಿಟ್ಟ ಆಯುಧಗಳನ್ನು ಹುಡುಕಬೇಕು, ಊರಿನವರ ವಿಶ್ವಾಸವನ್ನೂ ಕಳೆದುಕೊಳ್ಳಬಾರದು. ಯಾರು ಯಾರಿಗೆ ಏನು ಹೇಳಿದರು, ಯಾರು ಯಾರ ಮಾತು ಕೇಳಲಿಲ್ಲ, ಎಲ್ಲವೂ ಯಂತ್ರದಲ್ಲಿ ದಾಖಲಾಗುತ್ತದೆ. ಆನ್‌ಲೈನ್ ತರಬೇತಿಯ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತದೆ. ಬಯಲಿನ ಸಮರಾಭ್ಯಾಸ ಮುಗಿದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಂಡು "ಬಹಳ ಚೆನ್ನಾಗಿ ಆಯಿತು" ಅನ್ನುತ್ತಾರೆ. ಇಲ್ಲಿ ಎರಡು ಗಂಟೆ ಹದಿನೈದು ನಿಮಿಷಕ್ಕೆ ಬಂದ ಎಚ್ಚರಿಕೆಯನ್ನು ಎರಡು ಗಂಟೆ ಐವತ್ತಕ್ಕೆ ತೆರೆದು ಓದಿದ್ದು ಪರದೆಯ ಮೇಲೆ ಇರುತ್ತದೆ.

ಭಾಷೆಯ ತೊಡಕೂ ಉಂಟು. ನ್ಯಾಟೋದಲ್ಲಿ ಅಧಿಕಾರಿಗಳ ಭಾಷಾ ಮಟ್ಟವನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಮಾನದಂಡವೇ ಇದೆ. ಆದರೆ ಬಹಳ ಸಲ ತೊಂದರೆ ಕೊಡುವವರು ಇಂಗ್ಲಿಷ್ ಚೆನ್ನಾಗಿ ಬಾರದವರಲ್ಲ, ಅದೇ ತಾಯ್ನುಡಿಯಾದವರು. ಬಡಬಡ ಮಾತಾಡುತ್ತಾರೆ, ಚುಟುಕು ಪದ ಬಳಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆನ್‌ಲೈನಿನಲ್ಲಿ ಬರೆದು ಹೇಳುವ ಅವಕಾಶ ಇರುವುದರಿಂದ ಇದು ಸ್ವಲ್ಪ ಸರಿಹೋಗುತ್ತದೆ. ಸಭೆಯಲ್ಲಿ ಬಾಯಿ ಬಿಡದವರು ಚಾಟ್‌ನಲ್ಲಿ ಪ್ರಶ್ನೆ ಕೇಳುತ್ತಾರೆ. ನಮ್ಮ ಆನ್‌ಲೈನ್ ಕ್ಲಾಸುಗಳಲ್ಲೂ ಇದನ್ನು ನೋಡಿದ್ದೇವೆ.

ಬರಹದ ಈ ಶಕ್ತಿ ನಿಜವಾದ ಯುದ್ಧದಲ್ಲೇ ಕಂಡದ್ದು ಉಕ್ರೇನ್‌ನಲ್ಲಿ. ಅಮೆರಿಕ 2022ರಲ್ಲಿ ಉಕ್ರೇನಿಗೆ ಎಂ777 ಫಿರಂಗಿಗಳನ್ನು ಕೊಟ್ಟಿತು. ಅವು ಕೆಟ್ಟರೆ ರಿಪೇರಿ ಯಾರು ಮಾಡುವುದು? ಅಮೆರಿಕದ ಸೈನಿಕರು ಉಕ್ರೇನಿನೊಳಗೆ ಕಾಲಿಡುವಂತಿಲ್ಲ. ಹಾಗಾಗಿ ಪೋಲೆಂಡಿನ ನೆಲೆಯೊಂದರಲ್ಲಿ ಅವರು ಫೋನು, ಟ್ಯಾಬ್ಲೆಟ್ ಹಿಡಿದು ಕೂತರು, ಪಕ್ಕದಲ್ಲಿ ದುಭಾಷಿಗಳು. ಮುಂಚೂಣಿಯಿಂದ ಉಕ್ರೇನಿನವರು ಫಿರಂಗಿಯ ಫೋಟೋ, ವಿಡಿಯೋ ಕಳಿಸುತ್ತಾರೆ, ಇವರು ನೋಡಿ ಹೇಳುತ್ತಾರೆ, ಅವರು ಬಿಚ್ಚಿ ಜೋಡಿಸುತ್ತಾರೆ. ಸಾಮಾನ್ಯವಾಗಿ ವರ್ಕ್‌ಶಾಪಿಗೇ ಕಳಿಸುವ ರಿಪೇರಿಗಳೂ ಹೀಗೆ ಮುಂಚೂಣಿಯಲ್ಲೇ ನಡೆದವು. ಇದಕ್ಕೆ ಯಾರೂ ಪಠ್ಯಕ್ರಮ ಬರೆದಿರಲಿಲ್ಲ. ಅನಿವಾರ್ಯತೆ ಬರೆಯಿತು. ಹಲವು ದೇಶಗಳ ಸೈನಿಕರ ಆನ್‌ಲೈನ್ ಕಲಿಕೆ ಅತ್ಯುತ್ತಮವಾಗಿ ನಡೆದದ್ದು ಯಾವುದೇ ತರಬೇತಿ ಕೇಂದ್ರದಲ್ಲಿ ಅಲ್ಲ, ಇಂಥ ಚಾಟ್ ಗುಂಪುಗಳಲ್ಲಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅಲ್ಲಿ ಎರಡೂ ಕಡೆಯವರ ಮುಂದೆ ಒಂದೇ ಕೆಟ್ಟ ಫಿರಂಗಿ ಇತ್ತು.

ಈಗ ವಿಶ್ವಸಂಸ್ಥೆಗೆ ವಾಪಸ್ ಬರೋಣ, ಭಾರತಕ್ಕೂ. 

ಭಾರತಕ್ಕೆ ಈ ಕೆಲಸ ಹಳೆಯದು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ನೋಡಿಕೊಳ್ಳಲು ಐದು ದೇಶಗಳ ಆಯೋಗ ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್‌ಲ್ಯಾಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷರ ಕುರ್ಚಿಯಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅವರು ಮುಂದೆ ಭೂಸೇನೆಯ ಮುಖ್ಯಸ್ಥರಾದರು, ನಿವೃತ್ತಿಯ ನಂತರ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲದಲ್ಲಿ ಇಂಥ ತಂಡಕ್ಕೆ ತಾಲೀಮು ಅನ್ನುವ ಕಲ್ಪನೆಯೇ ಇರಲಿಲ್ಲ. ಎಲ್ಲವೂ ಕಮಾಂಡರ್ ಒಬ್ಬರ ಸ್ವಭಾವ, ತಾಳ್ಮೆ, ಮಾತಿನ ಜಾಣ್ಮೆಯ ಮೇಲೆ ನಿಂತಿತ್ತು. ತಿಮ್ಮಯ್ಯನಂಥವರು ಸಿಕ್ಕರೆ ನಡೆಯಿತು. ಸಿಗದಿದ್ದರೆ?

ವಿಶ್ವಸಂಸ್ಥೆಯ ನಿಯಮದ ಪ್ರಕಾರ, ಸೈನಿಕರನ್ನು ಕಳಿಸುವ ಮುಂಚೆ ತರಬೇತಿ ಕೊಡುವುದು ಆಯಾ ದೇಶದ ಜವಾಬ್ದಾರಿ. ನ್ಯೂಯಾರ್ಕ್‌ನಿಂದ ಪಠ್ಯ ಬರುತ್ತದೆ, ಕಲಿಸುವವರು ದೇಶದವರು. ಭಾರತದಲ್ಲಿ ಈ ಕೆಲಸಕ್ಕೆ ದೆಹಲಿಯಲ್ಲಿ 2000ದಿಂದ ಒಂದು ಕೇಂದ್ರವೇ ಇದೆ, ಒಳ್ಳೆಯ ಹೆಸರೂ ಗಳಿಸಿದೆ. ಅಲ್ಲಿಗೆ ಬೇರೆ ದೇಶಗಳ ಅಧಿಕಾರಿಗಳೂ ಬಂದು ಕಲಿಯುತ್ತಾರೆ. ಆದರೆ ಅಲ್ಲಿ ಕಲಿತ ಭಾರತದ ಬೆಟಾಲಿಯನ್, ತನ್ನ ಪಕ್ಕದಲ್ಲಿ ನಿಲ್ಲಲಿರುವ ನೇಪಾಳದ ಅಥವಾ ಇಥಿಯೋಪಿಯಾದ ಬೆಟಾಲಿಯನ್ನನ್ನು ಮೊದಲು ನೋಡುವುದು ವಿಮಾನ ಇಳಿದ ಮೇಲೆ. ಕಮಾಂಡರ್‌ಗೆ ಯೋಜನೆ, ಸಮನ್ವಯದಲ್ಲಿ ನೆರವಾಗುವ ಸ್ಟಾಫ್ ಅಧಿಕಾರಿಗಳ ಸ್ಥಿತಿ ಇನ್ನೂ ಕಷ್ಟ. ಹತ್ತಾರು ದೇಶಗಳಿಂದ ಒಬ್ಬೊಬ್ಬರಾಗಿ ಬರುತ್ತಾರೆ, ಸಾಮಾನ್ಯವಾಗಿ ಒಂದು ವರ್ಷಕ್ಕೆ ವಾಪಸ್ ಹೋಗುತ್ತಾರೆ. ತಂಡ ಕೂಡಿಬರುವಷ್ಟರಲ್ಲಿ ಅರ್ಧ ಜನ ಬದಲಾಗಿರುತ್ತಾರೆ.

ಇಲ್ಲಿಯ ವಿಪರ್ಯಾಸ ನೋಡಿ. ನ್ಯಾಟೋ ದೇಶಗಳಿಗೆ ಮೊದಲೇ ಒಂದೇ ಮಾನದಂಡ, ಒಂದೇ ಬಗೆಯ ನಕ್ಷೆ ಚಿಹ್ನೆ, ದಶಕಗಳ ಒಡನಾಟ ಇದೆ. ಒಟ್ಟಿಗೆ ತಾಲೀಮು ಮಾಡುವ ಅಗತ್ಯ ಅವರಿಗೆ ತುಸು ಕಡಿಮೆಯೇ. ಆದರೆ ಅತ್ಯುತ್ತಮ ಆನ್‌ಲೈನ್ ಜಂಟಿ ತಾಲೀಮು ಇರುವುದು ಅವರ ಬಳಿ. ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತ ಶಾಂತಿಪಾಲನೆಗೆ ಅತಿ ಹೆಚ್ಚು ಸೈನಿಕರನ್ನು ಕಳಿಸುವ ದೇಶಗಳು. ಪರಸ್ಪರ ಪರಿಚಯ ಇಲ್ಲದೆ ಅಪಾಯದ ಜಾಗದಲ್ಲಿ ನಿಲ್ಲುವವರು ಇವರು. ಇವರ ಪಾಲಿಗೆ ಹೆಚ್ಚಾಗಿ ಸಿಗುವುದು ಒಬ್ಬೊಬ್ಬರೇ ಮುಗಿಸುವ ಕೋರ್ಸು ಮತ್ತು ಸರ್ಟಿಫಿಕೇಟು. ಉಗಾಂಡಾದ ಎಂಟೆಬೆಯಲ್ಲಿ ವಿಶ್ವಸಂಸ್ಥೆ 2015ರಲ್ಲಿ ಶುರು ಮಾಡಿದ ಸಂಪರ್ಕ ತಂತ್ರಜ್ಞಾನ ಅಕಾಡೆಮಿ ಇದಕ್ಕೆ ಒಳ್ಳೆಯ ಅಪವಾದ. ಆದರೆ ಅದು ರೇಡಿಯೋ, ಡ್ರೋನ್‌ಗಳಂಥ ಕೌಶಲ ಕಲಿಸುವ ಜಾಗ. ಕಮಾಂಡರ್‌ಗಳು ಒಟ್ಟಿಗೆ ನಿರ್ಧಾರ ಮಾಡುವ ತಾಲೀಮು ಬೇರೆಯೇ ಕೆಲಸ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಜೂಬಾದಲ್ಲಿ ತುಕಡಿಗಳು ಹೊರಗೆ ಹೋಗದಿದ್ದದ್ದು ತರಬೇತಿ ಕಡಿಮೆ ಆಗಿಯೇ? ಅಥವಾ ನಮ್ಮ ಹುಡುಗರು ಪರದೇಶದ ಜಗಳದಲ್ಲಿ ಸಾಯಬಾರದು ಅಂತ ರಾಜಧಾನಿಗಳಿಗೆ ಅನ್ನಿಸಿಯೇ? ಯಾವ ದೇಶವೂ ತನ್ನ ಸೈನಿಕರ ಮೇಲಿನ ಹಿಡಿತವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. 1999ರಲ್ಲಿ ಕೊಸೊವೊದ ಪ್ರಿಸ್ಟಿನಾ ವಿಮಾನ ನಿಲ್ದಾಣದಲ್ಲಿ ರಷ್ಯನ್ನರಿಗೆ ಅಡ್ಡ ನಿಲ್ಲಿ ಅಂತ ನ್ಯಾಟೋದ ಅಮೆರಿಕನ್ ಜನರಲ್ ವೆಸ್ಲಿ ಕ್ಲಾರ್ಕ್ ಹೇಳಿದಾಗ, ಬ್ರಿಟನ್ನಿನ ಜನರಲ್ ಮೈಕ್ ಜಾಕ್ಸನ್ ಒಪ್ಪಲಿಲ್ಲ, ಅವರ ಸರ್ಕಾರ ಅವರ ಬೆನ್ನಿಗೆ ನಿಂತಿತು. ಅದು ತರಬೇತಿಯ ಕೊರತೆ ಅಲ್ಲ, ಬಹುಶಃ ವಿವೇಕ. ಆನ್‌ಲೈನ್ ತಾಲೀಮು ರಾಜಧಾನಿಯ ಮನಸ್ಸು ಬದಲಿಸುವುದಿಲ್ಲ. ಆದರೆ ಒಂದು ಕೆಲಸ ಮಾಡಬಹುದು. ಯಾರು ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿ ಕಾಲು ಹಿಂದೆ ಇಡುತ್ತಾರೆ ಅನ್ನುವುದು ಮೊದಲೇ ಗೊತ್ತಾಗುತ್ತದೆ. ರಾತ್ರಿ ಎಂಟಕ್ಕೆ ಸಹಾಯ ಕೇಳಿ ಫೋನ್ ಬಂದಾಗ ಗೊತ್ತಾಗುವುದಕ್ಕಿಂತ, ಮೂರು ತಿಂಗಳ ಹಿಂದೆ ತಾಲೀಮಿನಲ್ಲಿ "ನಮ್ಮ ಬೆಟಾಲಿಯನ್ ಕತ್ತಲಾದ ಮೇಲೆ ಹೊರಗೆ ಹೋಗುವಂತಿಲ್ಲ" ಅಂತ ಗೊತ್ತಾದರೆ ಕಮಾಂಡರ್ ಬೇರೆ ವ್ಯವಸ್ಥೆ ಮಾಡಿಕೊಳ್ಳಬಹುದು.

ಮಾಡಲು ಏನು ಬೇಕು? ಕೋಟಿಗಟ್ಟಲೆ ಸುರಿಯಬೇಕಿಲ್ಲ. ಒಂದು ಕಾಲ್ಪನಿಕ ನಗರ, ನಕ್ಷೆ, ಪತ್ರಕರ್ತರ ಮತ್ತು ನಿರಾಶ್ರಿತರ ಪಾತ್ರ ಮಾಡುವ ಕೆಲವರು, ಆಟ ನಡೆಸುವ ಅನುಭವಿ ಅಧಿಕಾರಿಗಳು, ಎಲ್ಲವನ್ನೂ ದಾಖಲಿಸುವ ತಂತ್ರಾಂಶ. ಹೊತ್ತು ಹೊಂದಿಸುವುದೂ ಕಷ್ಟವಲ್ಲ. ಜೂಬಾದಲ್ಲಿ ಬೆಳಿಗ್ಗೆ 9 ಆದಾಗ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ 10, ದೆಹಲಿಯಲ್ಲಿ 12:30, ಕಠ್ಮಂಡುವಿನಲ್ಲಿ 12:45, ಬೀಜಿಂಗ್‌ನಲ್ಲಿ ಮಧ್ಯಾಹ್ನ 3. ನಾಲ್ಕೂ ದೇಶಗಳ ಬೆಟಾಲಿಯನ್ ಕಮಾಂಡರ್‌ಗಳು ಕಚೇರಿ ಸಮಯದಲ್ಲೇ, ಊರು ಬಿಡುವ ಮುಂಚೆಯೇ, ಒಂದೇ ನಕ್ಷೆಯ ಮುಂದೆ ಕೂರಬಹುದು.

ಅಡ್ಡಿ ಇರುವುದು ಹೆಸರು ಗೊತ್ತಾಗುವ ಹೊತ್ತಿನಲ್ಲಿ. ಯಾವ ದೇಶದ ಯಾವ ಬೆಟಾಲಿಯನ್, ಯಾವ ಸ್ಟಾಫ್ ಅಧಿಕಾರಿ ಯಾವಾಗ ಎಲ್ಲಿಗೆ ಅನ್ನುವುದು ಸಾಕಷ್ಟು ಮುಂಚೆ ತೀರ್ಮಾನವಾಗಿ, ಪಕ್ಕದ ತುಕಡಿಗೂ ತಿಳಿಯಬೇಕು. ಈಗ ಆಯಾ ದೇಶ ತನ್ನ ಲೆಕ್ಕದಲ್ಲಿ ಬದಲಿ ಮಾಡುತ್ತದೆ, ಪಕ್ಕದವರ ಕ್ಯಾಲೆಂಡರ್ ನೋಡುವುದಿಲ್ಲ. ಇನ್ನೊಂದು ಅಡ್ಡಿ ಹಣ. ಅಮೆರಿಕದ ಬಾಕಿಯಿಂದಾಗಿ ಶಾಂತಿಪಾಲಕರ ಸಂಖ್ಯೆಯನ್ನು ಸುಮಾರು ಕಾಲುಭಾಗ ಇಳಿಸುವುದಾಗಿ ವಿಶ್ವಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಇಂಥ ಹೊತ್ತಿನಲ್ಲಿ ತರಬೇತಿಗೇ ಮೊದಲು ಕತ್ತರಿ ಬೀಳುವ ಸಾಧ್ಯತೆ ಜಾಸ್ತಿ. ಕೋರ್ಸ್ ಮುಗಿಸಿದವರ ಸಂಖ್ಯೆಯನ್ನು ವರದಿಯಲ್ಲಿ ತೋರಿಸಬಹುದು, ಹಾಗಾಗಿ ಕೋರ್ಸು ಉಳಿಯುತ್ತದೆ. ತಪ್ಪಿದ ಅನಾಹುತವನ್ನು ಯಾವ ಕಾಲಂನಲ್ಲಿ ತೋರಿಸುತ್ತೀರಿ? ಆದರೆ 1,800 ಜನರ ಜಾಗದಲ್ಲಿ 1,300 ಜನ ನಿಲ್ಲುವಂತಾದರೆ, ಆ 1,300 ಜನ ಒಬ್ಬರ ಮಾತು ಒಬ್ಬರು ಕೇಳುವುದು ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ. ಭಾರತಕ್ಕೆ ಇಲ್ಲಿ ಮುಂದೆ ನಿಲ್ಲುವ ಅವಕಾಶ ಇದೆ. ದೆಹಲಿಯ ಕೇಂದ್ರ ಇದೆ, ತಂತ್ರಾಂಶ ಬರೆಯುವ ಕೈಗಳಿಗೆ ಬೆಂಗಳೂರಿನಲ್ಲಿ ಬರ ಇಲ್ಲ, ಢಾಕಾ ಮತ್ತು ಕಠ್ಮಂಡುವಿನ ಅಧಿಕಾರಿಗಳಲ್ಲಿ ಹಲವರು ನಮ್ಮ ಅಕಾಡೆಮಿಗಳಲ್ಲೇ ಓದಿದವರು. ಮೊದಲ ತಾಲೀಮಿಗೆ ಮೂರು ದೇಶ ಸಾಕು.